ದಿಬ್ಬದ ಉಲಿಯಕ್ಕಿ

ಬೊಸೆನಾ ತೀರಿಕೊಂಡ ತನ್ನ ಅವ್ವನ ಕಾಲಿನ ಎರಡು ಹೆಬ್ಬೆರಳುಗಳನ್ನು ಸೇರಿಸಿ ದಾರ ಸುತ್ತುತ್ತಿದ್ದಳು. ದಾರ ಅವ್ವನೇ ನೂತದ್ದು, ಹೋದ ವಾರದ್ದು. ಮೂರು ಸುತ್ತು ಹಾಕಿ ಗಂಟು ಬಿಗಿಯಬೇಕು ಎನ್ನುವಷ್ಟರಲ್ಲಿ ನೆರೆಮನೆಯ ಮುಲು ಅತ್ತೆ ಬಾಗಿಲಿಗೆ ಬಂದು ನಿಂತಳು.

"ಗುಂಡಿ ಚಿಂತೆ ಬಿಡು ಕಣೇ. ಯಿಹುನೆ ಆಗ್ಲೇ ಮೂರು ಜನಾನ ಕರ್ಕೊಂಡು ಗುದ್ದಲಿ ಹೊತ್ಕೊಂಡು ಹೋದ. ನಿಮ್ಮವ್ವ ಅಸ್ನಾಕು ದಿನಾ ಕೂತ್ಕೋತಿದ್ಳಲ್ಲ, ಆ ದಿಬ್ಬ, ಅಲ್ಲೇ ತೋಡೋಣ ಅಂತ ಸಾವಿನ ಸಂಘದೋರು ಮಾತಾಡ್ಕೊಂಡಿದಾರೆ. ಬದುಕಿದ್ದಾಗ ಅಸ್ನಾಕು ಯಾರ ಹತ್ರಾನೂ ಏನೂ ಕೇಳ್ದೋಳಲ್ಲ. ಈಗ್ಲಾದ್ರೂ ಮನಸ್ಸಿಗೆ ಹಿಡಿಸಿದ ಜಾಗ ಸಿಗ್ಲಿ ಅಂತ."

ದಾರ ಬೊಸೆನಾಳ ಬೆರಳಿನಿಂದ ಜಾರಿತು.

"ಯಾವ ದಿಬ್ಬ ಅತ್ತೆ?"

"ಚರ್ಚಿನ ಕಾಡಲ್ಲಿ ಎಷ್ಟು ದಿಬ್ಬ ಇವೆಯೇ? ಹಳೇ ಆಲಿವ್ ಮರದ ಬುಡದ್ದು. ಹಕ್ಕಿ ದಿಬ್ಬ."

ಮುಲು ಅತ್ತೆ ಒಳಗೆ ಬಂದು ಕೂತು, ಜಾರಿದ ದಾರವನ್ನು ತಾನೇ ಎತ್ತಿಕೊಂಡು ಗಂಟು ಹಾಕಿದಳು. ಹತ್ತಿಬಟ್ಟೆಯ ತುದಿಯನ್ನು ಹೆಣದ ಹಣೆಯ ಮೇಲೆ ಮಡಚುತ್ತಾ, "ನೋಡು, ನಗ್ತಾ ಇರೋ ಹಾಗಿದಾಳೆ. ಬದುಕಿದ್ದಾಗ ಹಲ್ಲು ತೋರ್ಸಿದ್ದು ನಾನಂತೂ ಕಂಡಿಲ್ಲ," ಅಂದಳು.

ಬೊಸೆನಾಗೆ ಅದು ಕೇಳಿಸಲಿಲ್ಲ. ಯಿಹುನೆಯ ಗುದ್ದಲಿ ಈಗ ಎಷ್ಟು ಆಳಕ್ಕೆ ಹೋಗಿರಬಹುದು ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಮೊದಲ ಒಂದು ಮೊಳ ಬರೀ ಬೇರು, ಎಲೆಗೊಬ್ಬರ. ಆಮೇಲೆ ಕೆಂಪು ಮಣ್ಣು. ಆ ಕೆಂಪು ಮಣ್ಣಿನಲ್ಲಿ ಎರಡು ಮೊಳದ ಕೆಳಗೆ ಏನಿದೆ ಎಂದು ಈ ಲೋಕದಲ್ಲಿ ತಿಳಿದಿದ್ದವರು ಇಬ್ಬರು. ಅವರಲ್ಲಿ ಒಬ್ಬಳ ಕಾಲ್ಬೆರಳು ಕಟ್ಟಿಯಾಗಿತ್ತು.

ಹೆಣ ಮಧ್ಯಾಹ್ನಕ್ಕೆ ಎದ್ದರೆ ಚರ್ಚಿಗೆ ಹೋಗುವ ದಾರಿಯಲ್ಲಿ ಏಳು ಕಡೆ ಇಳಿಸುತ್ತಾರೆ. ಏಳು ಕಡೆಯೂ ಪಾದ್ರಿಗಳು ಸತ್ತವರ ಪಾಪ ಬಿಡಿಸುವ ಪ್ರಾರ್ಥನೆ ಹೇಳುತ್ತಾರೆ. ಏಳನೆಯದು ಗುಂಡಿಯ ಅಂಚಿನಲ್ಲಿ. ಅದಾಗದೆ ಯಾರನ್ನೂ ಮರಿಯಮ್ಮನ ಚರ್ಚಿನ ಮಣ್ಣಿಗೆ ಇಳಿಸುವಂತಿಲ್ಲ. ತೋಡುವಾಗ ಗುರುತಿಲ್ಲದ ಮೂಳೆ ಸಿಕ್ಕರೆ ತೋಡಿದವನು ಮೊದಲು ಪಾದ್ರಿಗೆ ಹೇಳಬೇಕು. ಹಿಂದೊಮ್ಮೆ ಹೊಳೆಯಾಚೆಯ ಊರಿನಲ್ಲಿ ಹೀಗೇ ಮನೆಯವರು ಕದ್ದು ಹೂತಿದ್ದೇನೋ ಹೊರಬಿದ್ದು, ಹೆಣವನ್ನು ಅರ್ಧ ದಾರಿಯಿಂದ ತಿರುಗಿಸಿ ಗೋಡೆಯ ಹೊರಗೆ, ಕೊರಕಲಿನ ಅಂಚಿನಲ್ಲಿ ಹೂತಿದ್ದರು. ಆ ಮನೆಯ ಹೆಣ್ಣುಮಕ್ಕಳಿಗೆ ಆಮೇಲೆ ಗಂಡು ಸಿಕ್ಕಿರಲಿಲ್ಲ.

"ಅಮ್ಮಾ," ಬೊಸೆನಾಳ ಕಿರಿಮಗಳು ಸಬ್ಲೆ ಮೆಲ್ಲಗೆ ಬಂದು ಸೆರಗು ಜಗ್ಗಿದಳು. "ಅಜ್ಜಿ ಇಲ್ದಿದ್ರೆ ಹಕ್ಕಿಗೆ ಗೊತ್ತಾಗುತ್ತಾ?"

"ಅದಕ್ಕೇನು ಗೊತ್ತಾಗುತ್ತೇ," ಅಂದಳು ಮುಲು ಅತ್ತೆ. "ಬೆರಳುದ್ದದ ಉಲಿಯಕ್ಕಿ. ಅದರ ತಲೇಲಿ ಒಂದು ಹುಳ ಹಿಡ್ಸಿದ್ರೆ ಹೆಚ್ಚು. ನಾನೂ ಒಂದಿನ ನಿಮ್ಮಜ್ಜಿ ಪಕ್ಕ ಕೂತೆ, ಏನಪ್ಪಾ ಅಂಥಾದ್ದು ಅಂತ. ನವಿಲೂ ಅಲ್ಲ, ಗಿಳೀನೂ ಅಲ್ಲ. ಹುರಿದ ಬಾರ್ಲಿ ಬಣ್ಣ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಇನ್ನೊಂದು ಕೊಂಬೆ ಮೇಲಿರುತ್ತೆ."

"ರೆಕ್ಕೆ ಅಂಚಲ್ಲಿ ಹಸಿರಿರುತ್ತೆ," ಸಬ್ಲೆ ಬಿಡಲಿಲ್ಲ. "ಬಾಲದಲ್ಲೂ. ಬಿಸಿಲು ಬಿದ್ರೆ ಮಾತ್ರ ಕಾಣೋದು. ಕಣ್ಣ ಮೇಲೆ ಬಿಳಿ ಹುಬ್ಬು. ಅಜ್ಜಿ ತೋರ್ಸಿದ್ಳು."

"ಸರಿ ತಾಯಿ, ನೀನೇ ಗೆದ್ದೆ."

ಹೊರಗೆ ಡೋಲಿನ ಮೊದಲ ಪೆಟ್ಟು ಬಿತ್ತು.

* * *

ಆಗ ಬೊಸೆನಾಗೆ ಏಳು ವರ್ಷ. ಅಪ್ಪನನ್ನು ಸೈನ್ಯಕ್ಕೆ ಎಳೆದುಕೊಂಡು ಹೋಗಿದ್ದರು. ಅವನು ಹಿಂತಿರುಗಲೇ ಇಲ್ಲ. ಅವನು ಹೋದ ಮೇಲೆ ತಂಗಿ ಹುಟ್ಟಿದಳು. ಗಂಡು ಮಗುವಾದರೆ ನಲವತ್ತನೇ ದಿನ, ಹೆಣ್ಣಾದರೆ ಎಂಬತ್ತನೇ ದಿನ ದೀಕ್ಷಾಸ್ನಾನ. ಅವ್ವ ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಗೆರೆ ಎಳೆಯುತ್ತಿದ್ದಳು. ಎಪ್ಪತ್ತಾರು ಗೆರೆಯಾದ ಮೇಲೆ ಮಗುವಿಗೆ ಜ್ವರ ಬಂತು. ಎಪ್ಪತ್ತೇಳನೇ ದಿನ ಬೆಳಿಗ್ಗೆ ಅವ್ವ ಗೆರೆ ಎಳೆಯಲಿಲ್ಲ.

ದೀಕ್ಷೆಯಾಗದ ಮಗುವಿಗೆ ಪಾದ್ರಿ ಬರುವುದಿಲ್ಲ, ಡೋಲು ಇಲ್ಲ, ಚರ್ಚಿನ ಮಣ್ಣೂ ಇಲ್ಲ. ಕೊರಕಲಿನ ಅಂಚಿನಲ್ಲಿ ಹೂತು ಮೇಲೆ ಕಲ್ಲು ಪೇರಿಸಿ ಬರಬೇಕು. ನೆರೆಯವರು ಬಂದು ಕೂತು, ಒಂದಿಷ್ಟು ಅತ್ತು, "ಇನ್ನೂ ಚಿಕ್ಕವಳು, ಇನ್ನೊಂದಾಗುತ್ತೆ," ಎಂದು ಎದ್ದುಹೋದರು. ಅವ್ವ ಒಬ್ಬಳೇ ಗುದ್ದಲಿ ಹಿಡಿದು ಕೊರಕಲಿಗೆ ಹೋದಳು. ಎಲ್ಲರಿಗೂ ಕಾಣುವ ಹಾಗೆ ಕಲ್ಲು ಪೇರಿಸಿ ಬಂದಳು. ಕಲ್ಲಿನ ಕೆಳಗೆ ಏನೂ ಇರಲಿಲ್ಲ.

"ಅಲ್ಲಿ ಕತ್ತೆಕಿರುಬ ಬಿಡಲ್ಲ," ಎಂದಳು ಬೊಸೆನಾಗೆ. ಅಷ್ಟೇ.

ಮಧ್ಯಾಹ್ನ ಆಲಿಕಲ್ಲು ಬಿತ್ತು. ಊರು ಬಾಗಿಲು ಹಾಕಿಕೊಂಡಿತು. ಅವ್ವ ಅಗಲ ಬಾಯಿಯ ಹೊಸ ಗಡಿಗೆಯೊಂದನ್ನು ತೆಗೆದು, ಆಲಿವ್ ಕಡ್ಡಿಯ ಹೊಗೆ ಹಿಡಿದಳು. ಹಾಲು ಹಾಕುವ ಮೊದಲು ಗಡಿಗೆಗೆ ಹಾಗೆ ಹೊಗೆ ಹಿಡಿಯುತ್ತಾರೆ, ಹಾಲು ಹುಳಿಯದಿರಲೆಂದು. ಆಮೇಲೆ ಮಗುವನ್ನು ಅದರಲ್ಲಿ ಕೂರಿಸಿದಳು. ಹೊಟ್ಟೆಯಲ್ಲಿದ್ದ ಹಾಗೆಯೇ, ಮೊಣಕಾಲು ಮಡಚಿ. ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಅದನ್ನು ಸೊಂಟಕ್ಕೇರಿಸಿ, ಮೇಲೆ ಹೊದಿಕೆ ಎಳೆದುಕೊಂಡಳು. ಯಾರಾದರೂ ನೋಡಿದ್ದರೆ ನೀರಿಗೆ ಹೊರಟಿದ್ದಾಳೆ ಅನ್ನುತ್ತಿದ್ದರು. ಬೊಸೆನಾ ಹಿಂದೆ ಗುದ್ದಲಿ ಹೊತ್ತು ನಡೆದಳು.

ಚರ್ಚಿನ ಕಾಡಿನೊಳಗೆ ಕಾಲಿಟ್ಟರೆ ಬೇರೆಯೇ ಲೋಕ. ಹೊರಗೆ ಕಣ್ಣು ಹಾಯುವವರೆಗೂ ಒಂದು ಮರವಿಲ್ಲದ ಹೊಲ. ಕಲ್ಲಿನ ಗೋಡೆ ದಾಟಿದರೆ ಹಗಲೇ ಕತ್ತಲು. ಹಳೆಯ ಆಲಿವ್ ಮರದ ಬುಡದಲ್ಲಿ, ಪಾಚಿ ಕಟ್ಟಿದ ದಿಬ್ಬಕ್ಕೆ ಅವ್ವ ಮೊದಲ ಪೆಟ್ಟು ಹಾಕಿದಾಗ, ಪಾಚಿಯೇ ಸಿಡಿದು ಹಾರಿತೋ ಎನ್ನುವ ಹಾಗೆ ಹಕ್ಕಿಯೊಂದು ಎದ್ದಿತು. ನೋಡಿದರೆ ಅಲ್ಲೊಂದು ಗೂಡು. ನೆಲಕ್ಕೆ ಅಂಟಿಕೊಂಡ, ಪಾಚಿಯ ಪುಟ್ಟ ಗುಡಿಸಲು. ಮೇಲೆ ಮುಚ್ಚಿಗೆ, ಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ಬಾಗಿಲು. ಬೊಸೆನಾ ಬಗ್ಗಿದಳು. ಒಳಗೆ ಗರಿಯ ಹಾಸಿಗೆಯ ಮೇಲೆ ಮೂರು ಮರಿ, ಮೂರು ಬಾಯಿ.

ಅವ್ವ ನಾಲ್ಕು ಹೆಜ್ಜೆ ಸರಿದು ಮತ್ತೆ ಅಗೆಯತೊಡಗಿದಳು. ಹಕ್ಕಿ ತಲೆಯ ಮೇಲಿನ ಕೊಂಬೆಯಲ್ಲಿ ಅತ್ತಿತ್ತ ಜಿಗಿಯುತ್ತಾ ರೆಕ್ಕೆ ಒದರಿ ಗದರಿಸಿತು. ಸ್ವಲ್ಪ ಹೊತ್ತು. ಆಮೇಲೆ ಎಲೆಯ ಅಡಿಯಿಂದ ಹಸಿರು ಹುಳವೊಂದನ್ನು ಕಿತ್ತು, ಅವ್ವನ ಗುದ್ದಲಿ ಏಳುತ್ತಿದ್ದಂತೆಯೇ ಪಕ್ಕದಲ್ಲಿ ಇಳಿದು, ಗೂಡಿಗೆ ಹೋಯಿತು. ಬಂತು. ಮತ್ತೆ ಹೋಯಿತು.

"ನಮ್ಮನ್ನ ಏನೂ ಕೇಳಲ್ಲ ನೋಡು," ಅಂದಳು ಅವ್ವ. "ತನ್ನ ಕೆಲಸ ತಾನು. ಚಳಿಗೆ ಬಂದು ಹೋಗೋ ಹಳದಿ ಹಕ್ಕಿಗಳ ಹಾಗಲ್ಲ ಇವಳು. ವರ್ಷವೆಲ್ಲಾ ಇಲ್ಲೇ. ಗೋಡೆ ದಾಟಿ ಒಂದು ಮಾರು ಆಚೆ ಹೋಗಲ್ಲ."

ಗಡಿಗೆ ಇಳಿಸಿ, ಮಣ್ಣು ಎಳೆದು, ಪಾಚಿಯನ್ನು ಮತ್ತೆ ಹೊಲಿದ ಹಾಗೆ ಕೂರಿಸಿದ ಮೇಲೆ ಅವ್ವ ಬೊಸೆನಾಳ ಗಲ್ಲ ಹಿಡಿದಳು. ಕೈಯೆಲ್ಲ ಮಣ್ಣು.

"ಯಾರಿಗೂ ಹೇಳ್ಬೇಡ. ಪಾದ್ರಿ ಕೇಳಿದ್ರೂ ಹೇಳ್ಬೇಡ. ಆಣೆ ಇಡು."

"ಮರಿಯಮ್ಮನೇ ಕೇಳಿದ್ರೆ?"

"ಅವಳು ಕೇಳಲ್ಲ. ಅವಳೂ ಮಗು ಕಳ್ಕೊಂಡೋಳೇ."

ಆಗ ಮೇಲಿನ ಕೊಂಬೆಯಲ್ಲಿ ಗಂಡು ಹಕ್ಕಿ ಹಾಡತೊಡಗಿತು. ಮೊದಲು ಒಂದೆರಡು ಸಿಹಿ ಸ್ವರ, ಆಮೇಲೆ ತಡೆಯಲಾರದೆ ಒಂದರ ಮೇಲೊಂದು ಬಿದ್ದು ನಡುಗುವ ಸ್ವರಗಳು. ಜ್ವರದ ಮಗು ಉಸಿರೆಳೆದುಕೊಳ್ಳುವ ಹಾಗಿತ್ತು. ಬೊಸೆನಾ ಕಿವಿ ಮುಚ್ಚಿಕೊಂಡಳು.

* * *

ಅಂದಿನಿಂದ ಆ ಸದ್ದು ಅವಳನ್ನು ಬಿಟ್ಟಿರಲಿಲ್ಲ. ತನ್ನ ಮೂರು ಹೆಣ್ಣುಮಕ್ಕಳು ಹುಟ್ಟಿದಾಗಲೂ ಎಪ್ಪತ್ತೇಳನೇ ದಿನ ಅವಳು ಒಲೆ ಹಚ್ಚಿರಲಿಲ್ಲ. ಅವ್ವ ಆ ದಿನಗಳಲ್ಲಿ ಬಂದು, ಮಗುವನ್ನು ಬೆಳಗಿನಿಂದ ಸಂಜೆಯವರೆಗೆ ಮಡಿಲಲ್ಲಿ ಹಾಕಿಕೊಂಡು ಕೂತಿರುತ್ತಿದ್ದಳು. ಇಬ್ಬರೂ ದಿಬ್ಬದ ಮಾತು ಎತ್ತಲಿಲ್ಲ. ನಲವತ್ತು ವರ್ಷ ಎತ್ತಲಿಲ್ಲ.

ಈಗ ಮೂರನೇ ನಿಲುಗಡೆ. ಉತ್ತ ಹೊಲಗಳ ನಡುವೆ ಚಟ್ಟ ಇಳಿಸಿದ್ದರು. ಪಾದ್ರಿ ಮೆಲಾಕು ಧೂಪ ಆಡಿಸುತ್ತಾ ಓದುತ್ತಿದ್ದರು. ಬೊಸೆನಾ ತಲೆ ಎತ್ತಿದಳು. ಅದೇ ಸ್ವರ. ಎರಡು ಸಿಹಿ ಸ್ವರ, ಆಮೇಲೆ ನಡುಕ. ಸುತ್ತ ಒಂದು ಪೊದೆಯಿಲ್ಲ, ಗಿಡವಿಲ್ಲ. ಕಾಡು ಇನ್ನೂ ಗುಡ್ಡದ ಮೇಲೆ, ಹೊಲದ ನಡುವೆ ಇಟ್ಟ ಕರಿ ಬುಟ್ಟಿಯಂತೆ ದೂರದಲ್ಲಿತ್ತು.

"ಅತ್ತೆ, ನಿಂಗೆ ಕೇಳ್ತಾ?"

"ಏನು?"

"ಹಕ್ಕಿ."

ಮುಲು ಅತ್ತೆ ಅವಳ ಮುಖ ನೋಡಿ, ತಲೆಯ ಹೊದಿಕೆ ಸರಿಮಾಡಿದಳು. "ಉಪವಾಸದ ತಿಂಗಳು, ಬೆಳಿಗ್ಗಿಂದ ನೀರೂ ಮುಟ್ಟಿಲ್ಲ ನೀನು. ಕಿವಿ ಗುಂಯ್ ಅಂತಿರುತ್ತೆ."

ಹಿಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಎದೆ ಬಡಿದುಕೊಳ್ಳುವುದರ ನಡುವೆ ಮಾತಾಡುತ್ತಿದ್ದರು.

"ಒಳ್ಳೆಯೋಳೇ, ಆದ್ರೆ ಕಲ್ಲು ಮನಸ್ಸು. ಆ ದೊಡ್ಡ ಮಳೇಲಿ ಕೊರಕಲು ಕುಸಿದು ಮಕ್ಕಳ ಗೋರಿಯೆಲ್ಲಾ ಕೊಚ್ಕೊಂಡು ಹೋಯ್ತಲ್ಲ, ಎಲ್ಲಾ ತಾಯಂದ್ರೂ ಓಡಿಹೋಗಿ ಕೆಸರಲ್ಲಿ ಹೊರಳಾಡಿದ್ವಿ. ಇವಳು ಮನೆಯಿಂದ ಆಚೆಗೇ ಬರ್ಲಿಲ್ಲ."

"ಮಗೂಗಿಂತ ಹಕ್ಕಿ ಹೆಚ್ಚಾಗಿತ್ತು ಅವಳಿಗೆ."

"ಶ್! ಮಗಳು ಕೇಳಿಸ್ಕೋತಾಳೆ."

ಮಗಳು ಕೇಳಿಸಿಕೊಂಡಿದ್ದಳು. ತಿರುಗಿ ಒಂದೇ ಮಾತು ಹೇಳಿದ್ದರೆ ಅವರ ಬಾಯಿ ಮುಚ್ಚುತ್ತಿತ್ತು. ಹೇಳಿದ್ದರೆ ಚಟ್ಟವೂ ಅಲ್ಲಿಂದಲೇ ತಿರುಗುತ್ತಿತ್ತು.

ನಾಲ್ಕನೇ ನಿಲುಗಡೆಯಲ್ಲಿ, ಎಲ್ಲರೂ ಬಗ್ಗಿ ನೆಲ ಮುಟ್ಟುವಾಗ, ಬೊಸೆನಾ ಎದ್ದು ಒಳದಾರಿ ಹಿಡಿದಳು. "ಎಲ್ಲಿಗೇ?" ಎಂದ ಮುಲು ಅತ್ತೆಯ ದನಿ ಬೆನ್ನಿಗೆ ಬಡಿಯಿತು. ತಾಯಿಯ ಹೆಣ ಬಿಟ್ಟು ಓಡುವ ಮಗಳನ್ನು ಆ ಊರು ಹಿಂದೆ ಕಂಡಿರಲಿಲ್ಲ.

ಗೋಡೆಯ ಬಾಗಿಲಲ್ಲಿ ಚಪ್ಪಲಿ ಕಳಚಿ, ಆಲಿವ್ ಮರದವರೆಗೆ ಓಡಿದಳು. ಗುಂಡಿ ಎದೆಯಾಳವಾಗಿತ್ತು. ಅದರಲ್ಲಿ ಯಿಹುನೆ ಒಬ್ಬನೇ ನಿಂತಿದ್ದ. ಎಪ್ಪತ್ತು ದಾಟಿದ ಮನುಷ್ಯ. ಊರಿನ ಅರ್ಧ ಗುಂಡಿಗಳನ್ನು ಅವನೇ ತೋಡಿದವನು, ಯಾವ ಸಾವಿನಲ್ಲೂ ಒಂದು ಹನಿ ಕಣ್ಣೀರು ಹಾಕಿದವನಲ್ಲ. ಅವಳನ್ನು ಕಂಡವನೇ ಗುಂಡಿಯ ಎಡಗೋಡೆಗೆ ಬೆನ್ನು ಕೊಟ್ಟು ನಿಂತ.

"ಉಳಿದೋರೆಲ್ಲಿ ಮಾವ?"

"ಚಪ್ಪಡಿ ಕಲ್ಲು ತರೋಕೆ ಕಳಿಸ್ದೆ. ನೀನ್ಯಾಕೆ ಬಂದೆ?"

"ಇಲ್ಲಿ ಬೇಡ ಮಾವ. ಇಲ್ಲಿ... ಹಕ್ಕಿ ಗೂಡಿದೆ. ಮೊಟ್ಟೆ ಇಡೋ ಕಾಲ. ಅವ್ವ ಇದ್ದಿದ್ರೆ ಬೇಡ ಅಂತಿದ್ಳು."

"ಗೂಡು ನೋಡಿದೀನಿ. ಅಗೋ, ಆ ಬೇರಿನ ಕೆಳಗೆ. ಎರಡು ಮೊಟ್ಟೆ, ಕೆಂಪು ಚುಕ್ಕೆಯವು. ಅದನ್ನ ಬಿಟ್ಟೇ ತೋಡಿದ್ದು."

"ಆದ್ರೂ ಬೇಡ. ಬೇರೆ ಕಡೆ ತೋಡಿ. ಕಾಲಿಗೆ ಬೀಳ್ತೀನಿ."

"ಹೆಣ ನಾಲ್ಕು ನಿಲುಗಡೆ ದಾಟಿದೆ. ಈಗ ಇನ್ನೊಂದು ಗುಂಡಿ ತೋಡೋಕೆ ನಿಮ್ಮಪ್ಪ ಎದ್ದು ಬರ್ತಾನಾ?" ಅಂದವನು ನಾಲಿಗೆ ಕಚ್ಚಿಕೊಂಡ. "ತಪ್ಪು ಮಾತು. ಬಿಡು."

ಬೊಸೆನಾ ಗುಂಡಿಯ ಅಂಚಿನಲ್ಲಿ ಕೂತಳು. ಕೇಳಬಾರದೆಂದುಕೊಂಡಿದ್ದನ್ನು ಬಾಯಿ ತಾನಾಗಿ ಕೇಳಿತು. "ಏನಾದ್ರೂ ಸಿಕ್ತಾ ಮಾವ?"

"ಬೇರು. ಕಲ್ಲು. ಮಣ್ಣಲ್ಲಿ ಇನ್ನೇನು ಸಿಗುತ್ತೆ?"

ಅವನು ಅವಳ ಮುಖ ನೋಡಲಿಲ್ಲ. ಗುದ್ದಲಿಯ ಕಾವಿಗೆ ಅಂಟಿದ್ದ ಮಣ್ಣನ್ನು ಉಗುರಿನಿಂದ ಕೆರೆಯುತ್ತಾ, ತನಗೆ ತಾನೇ ಎಂಬಂತೆ ಹೇಳಿದ: "ಕೊರಕಲು ಕುಸಿದಾಗ ನಿಮ್ಮವ್ವನಿಗೆ ಸುದ್ದಿ ಮುಟ್ಟಿಸಿದ್ದು ನಾನು. ಬೀಸ್ತಾ ಇದ್ಳು. ತಲೆ ಎತ್ತಿ 'ಹೌದಾ' ಅಂದ್ಳು. ಮತ್ತೆ ಬೀಸೋಕೆ ಹತ್ತಿದ್ಳು. ಮೂವತ್ತು ವರ್ಷ ಆಯ್ತು, ಆ 'ಹೌದಾ' ಇನ್ನೂ ನನ್ನ ಕಿವೀಲಿದೆ."

"ಮಾವ..."

"ಹೋಗು. ಹೆಣದ ಹಿಂದೆ ಮಗಳಿರ್ಬೇಕು. ನನಗಿನ್ನೂ ಕೆಲಸ ಇದೆ."

ಅವಳು ಎದ್ದಳು. ಸಿಕ್ಕಿದೆಯೋ ಇಲ್ಲವೋ, ಸಿಕ್ಕಿದ್ದರೆ ಅವನು ಪಾದ್ರಿಗೆ ಹೇಳುತ್ತಾನೋ ಇಲ್ಲವೋ, ಯಾವುದೂ ಆ ಮುಖದಲ್ಲಿ ಬರೆದಿರಲಿಲ್ಲ. ಬೇರಿನ ಕೆಳಗಿನ ಪಾಚಿಯಿಂದ ಕಂದು ಹಕ್ಕಿಯೊಂದು ಸರಕ್ಕನೆ ಹೊರಬಂದು, ಅವಳ ಮೊಣಕಾಲಿನ ಎತ್ತರದಲ್ಲೇ ಹಾರಿ, ಎಲೆಗಳ ನಡುವೆ ಮಾಯವಾಯಿತು.

* * *

ಆರನೇ ನಿಲುಗಡೆ ಕಾಡಿನ ಗೋಡೆಯ ಹೊರಗೆ. ಬೊಸೆನಾ ಬಂದು ಚಟ್ಟದ ಕಾಲಿನ ಪಕ್ಕ ನಿಂತಾಗ ಹೆಂಗಸರು ದಾರಿ ಬಿಟ್ಟರು, ಆದರೆ ಯಾರೂ ಮುಟ್ಟಲಿಲ್ಲ. ಮುಲು ಅತ್ತೆ ಮಾತ್ರ ಹತ್ತಿರ ಬಂದು ಅವಳ ಕಾಲಿನ ಕೆಂಪು ಮಣ್ಣು ನೋಡಿ, ತನ್ನ ಸೆರಗಿನಿಂದ ಒರೆಸಿದಳು.

ಓದು ಮುಗಿಸಿದ ಪಾದ್ರಿ ಮೆಲಾಕು ಕೈಯ ಶಿಲುಬೆಯನ್ನು ಅವಳತ್ತ ಚಾಚಿದರು. ಅವಳು ಮುತ್ತಿಟ್ಟಳು. ಅವರು ಕೈ ಹಿಂದೆಗೆಯಲಿಲ್ಲ. ಚಿಕ್ಕ ವಯಸ್ಸಿನವರು, ಆದರೆ ನಿಯಮದಲ್ಲಿ ಕೂದಲೆಳೆಯಷ್ಟೂ ಬಗ್ಗದವರು.

"ತಾಯಿಯನ್ನ ಬಿಟ್ಟು ಎಲ್ಲಿ ಹೋಗಿದ್ದೆ ಬೊಸೆನಾ?"

"ಗುಂಡಿ ನೋಡೋಕೆ ಗುರುಗಳೇ."

"ನಿಮ್ಮವ್ವ ಮೂರು ಸಲ ಪಾಪನಿವೇದನೆಗೆ ಬಂದು ನನ್ನೆದುರು ಕೂತಿದ್ಳು. ಮೂರು ಸಲಾನೂ ಏನೂ ಹೇಳದೆ ಎದ್ದುಹೋದ್ಳು. ಆಮೇಲೆ ಬರೋದನ್ನೇ ಬಿಟ್ಳು." ದನಿ ತಗ್ಗಿಸಿದರು. "ಕೊನೇ ಪ್ರಾರ್ಥನೆಗೆ ಮುಂಚೆ ಕೇಳ್ತಿದೀನಿ. ಅವಳ ಎದೇಲಿ ಏನಿತ್ತು ಅಂತ ನಿಂಗೆ ಗೊತ್ತಾ? ಗೊತ್ತಿದ್ರೆ ಈಗ್ಲೇ ಹೇಳ್ಬೇಕು. ಮುಚ್ಚಿಟ್ರೆ ಆ ಭಾರ ನಿನ್ನದಾಗುತ್ತೆ."

ಗೋಡೆಯಾಚೆಯಿಂದ ಉಲಿಯಕ್ಕಿಯ ದನಿ ಬರುತ್ತಿತ್ತು. ಈ ಸಲ ಅದು ಎಲ್ಲರಿಗೂ ಕೇಳುತ್ತಿತ್ತು. ಸಬ್ಲೆ ತಲೆ ಎತ್ತಿ ಕೊಂಬೆಗಳಲ್ಲಿ ಹುಡುಕುತ್ತಿದ್ದಳು. ಬೊಸೆನಾ ಮಗಳನ್ನು ನೋಡಿದಳು. ಹೆಣದ ಹಣೆಯ ಮೇಲಿನ ಮಡಿಕೆಯನ್ನು ನೋಡಿದಳು.

"ಅವ್ವ ಹೆಚ್ಚು ಮಾತಾಡ್ತಿರ್ಲಿಲ್ಲ ಗುರುಗಳೇ," ಅಂದಳು.

ಶಿಲುಬೆ ಹಿಂದೆ ಸರಿಯಿತು.

ಕಾಡಿನೊಳಗೆ ಜನ ಒಬ್ಬರ ಹಿಂದೊಬ್ಬರು ನಡೆದರು. ಚಪ್ಪಡಿ ಕಲ್ಲುಗಳು ಬಂದಿದ್ದವು. ತೋಡಿದವರು ಕೈ ಕಟ್ಟಿ ನಿಂತಿದ್ದರು. ಯಿಹುನೆ ಮಾತ್ರ ಇನ್ನೂ ಗುಂಡಿಯೊಳಗಿದ್ದ. ಇಬ್ಬರು ಕೈ ಕೊಟ್ಟು ಮೇಲೆಳೆದರು. ಮಳೆಮೋಡದ ತಣ್ಣನೆಯ ಗಾಳಿ ಬೀಸುತ್ತಿತ್ತು. ಅವನು ಬರಿಮೈಯಲ್ಲಿದ್ದ.

"ನಿನ್ನ ಶಾಲು ಎಲ್ಲಿ ಯಿಹುನೆ?" ಪಾದ್ರಿ ಕೇಳಿದರು.

"ಎಡಗೋಡೆ ಮಣ್ಣು ಸಡಿಲ ಗುರುಗಳೇ. ಉದುರ್ತಾನೇ ಇತ್ತು. ಅದಕ್ಕೇ ಶಾಲು ಹೊದಿಸಿ, ನಾಲ್ಕು ಕಡ್ಡಿ ಚುಚ್ಚಿದೀನಿ. ಇರ್ಲಿ ಬಿಡಿ. ಹಳೇದು."

ಬೊಸೆನಾ ಬಗ್ಗಿ ನೋಡಿದಳು. ಗುಂಡಿಯ ಎಡಗಡೆ, ಅಂಚಿನಿಂದ ಎರಡು ಮೊಳ ಕೆಳಗೆ, ಗೋಡೆಯನ್ನು ಒಳಕ್ಕೆ ಕೊರೆದು ಮಾಡಿದ ಗೂಡಿನ ಮೇಲೆ ಬಿಳಿ ಶಾಲು ಬಿಗಿದಿತ್ತು. ಅದರ ಅಂಚಿನ ಕೆಂಪು ಪಟ್ಟಿ ಒಂದು ಸಲವೂ ಒಗೆಯದಷ್ಟು ಹೊಸದು. ಬಟ್ಟೆಯ ನಡುಭಾಗ ಗುಂಡಗೆ ಉಬ್ಬಿಕೊಂಡಿತ್ತು.

ಅವಳು ಇನ್ನಷ್ಟು ಬಗ್ಗಿದಳು. ಮುಲು ಅತ್ತೆ ಸೊಂಟ ಹಿಡಿದುಕೊಂಡಳು.

ಪಾದ್ರಿ ಗುಂಡಿಯತ್ತ ಒಮ್ಮೆ ನೋಡಿದರು. ಯಿಹುನೆಯ ಕಡೆ ನೋಡಿದರು. ಯಿಹುನೆ ಆಲಿವ್ ಮರದ ತುದಿಯತ್ತ ನೋಡುತ್ತಿದ್ದ. ಪಾದ್ರಿ ಪುಸ್ತಕ ತೆರೆದು ಏಳನೇ ಪ್ರಾರ್ಥನೆ ಓದತೊಡಗಿದರು. ಧೂಪದ ಹೊಗೆ ಗುಂಡಿಯೊಳಕ್ಕೆ ಇಳಿದು, ಶಾಲಿನ ಮೇಲೆ ಹರಡಿತು.

ಅವ್ವನನ್ನು ಇಳಿಸಿದರು. ಯಿಹುನೆ ಹಗ್ಗ ಹಿಡಿದವರಿಗೆ, "ಎಡಕ್ಕೆ. ಇನ್ನೂ ಎಡಕ್ಕೆ. ಗೋಡೆಗೆ ತಾಗ್ಲಿ," ಅನ್ನುತ್ತಿದ್ದ. ಒಬ್ಬ, "ನಡುವಿಗೆ ಮಲಗ್ಸೋದಲ್ವಾ?" ಎಂದ. "ನೀನು ಎಷ್ಟು ಗುಂಡಿ ತೋಡಿದೀಯೋ?" ಎಂದು ಯಿಹುನೆ ಅವನ ಬಾಯಿ ಮುಚ್ಚಿಸಿದ.

ಚಪ್ಪಡಿ ಕಲ್ಲು ಹಾಸಿದ ಮೇಲೆ ಮಣ್ಣು ಬೀಳತೊಡಗಿತು. ದೊಡ್ಡ ಹೆಂಟೆಯೊಂದು ಉರುಳಿ ಎಡಗೋಡೆಗೆ ಬಡಿಯಿತು. ಟೊಳ್ಳು ಸದ್ದು. ಖಾಲಿ ಗಡಿಗೆಗೆ ಬೆರಳು ತಾಗಿಸಿದರೆ ಬರುವಂಥದು. ಸಲಿಕೆ ಹಿಡಿದವನ ಕೈ ನಿಂತಿತು. ಅಷ್ಟರಲ್ಲಿ ಯಿಹುನೆ ಬಾಯಿ ಬಿಟ್ಟು ಅತ್ತ. ಎಂದೂ ಅಳದ ಮುದುಕ ಕಾಡೆಲ್ಲ ಕೇಳುವಂತೆ, "ಅಸ್ನಾಕೂ, ನನ್ನ ತಂಗೀ," ಎಂದು ಗೋಳಿಟ್ಟ. ಹೆಂಗಸರು ಬೆಚ್ಚಿ, ಆಮೇಲೆ ಒಬ್ಬೊಬ್ಬರಾಗಿ ದನಿಗೂಡಿಸಿದರು. ಕೊರಕಲಿನ ಮಾತಾಡಿದ್ದ ಹೆಂಗಸರಿಬ್ಬರೂ ಎದೆ ಬಡಿದುಕೊಂಡರು. ಆ ಗದ್ದಲದಲ್ಲಿ ಬೇರೆ ಯಾವ ಸದ್ದೂ ಕೇಳಲಿಲ್ಲ.

ಮೂವರು ಸಲಿಕೆಯಿಂದ ಬಲಗಡೆ ಮಣ್ಣು ಎಳೆಯುತ್ತಿದ್ದರು. ಯಿಹುನೆ ಅಳುತ್ತಲೇ ಎಡ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಬರಿಯ ಎರಡೂ ತೋಳುಗಳನ್ನು ಭುಜದವರೆಗೆ ಗುಂಡಿಯೊಳಕ್ಕೆ ಇಳಿಬಿಟ್ಟು, ಮಣ್ಣನ್ನು ಬೆರಳಲ್ಲಿ ಪುಡಿಮಾಡಿ, ಒಂದೊಂದೇ ಹಿಡಿ ಒಳಗೆ ಇಡುತ್ತಿದ್ದ.